ಎಡಬದಿಯಲ್ಲೇ ಓಡುವ ಪರದೇಶ

ಟೂರ್ ಕಂಪನಿಯ ಹಂಗಿಲ್ಲದೆ, ಬಾಡಿಗೆ ಕಾರನ್ನು ತಾವೇ ಓಡಿಸಿಕೊಂಡು ಸುತ್ತುವ ವಿದೇಶ ಪ್ರವಾಸಕ್ಕೆ ಹೆಬ್ಬಾಳ, ಯಲಹಂಕದ ಕುಟುಂಬಗಳು ಆರಿಸಿಕೊಳ್ಳುವ ದೇಶಗಳಲ್ಲಿ ನ್ಯೂಜಿಲೆಂಡ್ ಒಂದು. ಅಲ್ಲಿಯೂ ಗಾಡಿಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ, ಸ್ಟಿಯರಿಂಗ್ ಬಲಗಡೆಗೇ ಇರುತ್ತದೆ. ಧೈರ್ಯ ಬರುವುದು ಈ ಹೋಲಿಕೆಯಿಂದ. ತೊಂದರೆಗಳು ಹುಟ್ಟುವುದೂ ಬಹುಪಾಲು ಇದರಿಂದಲೇ.

ಯೋಜನೆ ಶುರುವಾಗಬೇಕಾದದ್ದು ಮಕ್ಕಳ ರಜೆಯಿಂದ. ನಮ್ಮ ಏಪ್ರಿಲ್–ಮೇ ಬೇಸಿಗೆ ರಜೆ ಅಲ್ಲಿ ಎಲೆ ಉದುರುವ ಕಾಲ. ಏಪ್ರಿಲ್ ಕೊನೆಯಲ್ಲಿ ಆರೋಟೌನ್, ವಾನಾಕಾ ಸುತ್ತಿನ ಮರಗಳು ಹೊಂಬಣ್ಣಕ್ಕೆ ತಿರುಗುತ್ತವೆ, ಆದರೆ ಹಗಲು ದಿನೇದಿನೇ ಮೊಟಕಾಗುತ್ತದೆ. ಮೇ ಮುಗಿಯುವ ಹೊತ್ತಿಗೆ ಸಂಜೆ ಐದು ದಾಟುತ್ತಿದ್ದಂತೆ ಕತ್ತಲು. ದಸರಾ ರಜೆಗೆ ಹೋದರೆ ವಸಂತ: ಬೆಟ್ಟದ ಮೇಲೆ ಹಿಮ ಇನ್ನೂ ಉಳಿದಿರುತ್ತದೆ, ಹವೆಯನ್ನು ಮಾತ್ರ ನಂಬುವಂತಿಲ್ಲ. ಟೆಕಾಪೋ ಸರೋವರದ ದಡದಲ್ಲಿ ಲುಪಿನ್ ಹೂ ನೋಡಲೇಬೇಕೆನ್ನುವವರಿಗೆ ನವೆಂಬರ್ ನಡುವಿನಿಂದ ಡಿಸೆಂಬರ್‌ವರೆಗಿನ ಕಾಲವೇ ಸರಿ. ಕ್ರಿಸ್‌ಮಸ್ ಹತ್ತಿರವಾದಂತೆ ರೂಮಿನ ಬಾಡಿಗೆಯೂ ಏರುತ್ತದೆ.

ಕಾಗದಪತ್ರದ ಕೆಲಸ ಎಣಿಸಿದಷ್ಟು ಇಲ್ಲ. ವೀಸಾ ಬೇಕು. ಡಿಎಲ್ ಇಂಗ್ಲಿಷಿನಲ್ಲಿದ್ದರೆ ಪ್ರವಾಸಿಗೆ ಅದರಲ್ಲೇ ಗಾಡಿ ಓಡಿಸಲು ಅನುಮತಿಯಿದೆ, ಮೂಲ ಕಾರ್ಡು ಮಾತ್ರ ಕೈಯಲ್ಲಿರಬೇಕು. ಆದರೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಕೆಎ-04 ವ್ಯಾಪ್ತಿಯವರಿಗೆ ಯಶವಂತಪುರದ ಆರ್‌ಟಿಒ, ಕೆಎ-50ಕ್ಕೆ ಸೇರಿದವರಿಗೆ ಯಲಹಂಕದ್ದು. ಅವಧಿ ಒಂದು ವರ್ಷ. ಬಾಡಿಗೆ ಕಂಪನಿ ಠೇವಣಿಯನ್ನು ಸಾಮಾನ್ಯವಾಗಿ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ ಹಿಡಿದಿಡುತ್ತದೆ. ಗಂಡ ಓಡಿಸಿ ಹೆಂಡತಿಯ ಕಾರ್ಡು ಕೊಟ್ಟರೆ ಕೌಂಟರಿನಲ್ಲಿ ಮಾತು ಬೆಳೆಯುತ್ತದೆ. ವಿಮೆಯ ಸಣ್ಣಕ್ಷರಗಳನ್ನು ಓದಲೇಬೇಕು. ಕ್ವೀನ್ಸ್‌ಟೌನ್ ಬಳಿಯ ಸ್ಕಿಪ್ಪರ್ಸ್ ರಸ್ತೆಯಂಥ ಕಡೆ ಬಾಡಿಗೆ ಕಾರಿನ ವಿಮೆ ನಡೆಯುವುದಿಲ್ಲ.

ತಿಂಡಿಯ ಡಬ್ಬದ ವಿಷಯದಲ್ಲಿ ಆ ದೇಶ ಬಲು ಕಟ್ಟುನಿಟ್ಟು. ಹುಳಿಪುಡಿ, ಚಟ್ನಿಪುಡಿ, ಚಕ್ಕುಲಿ ಏನೇ ಇರಲಿ, ಆಹಾರವಿದೆ ಎಂದು ಫಾರಂನಲ್ಲಿ ತೋರಿಸಲೇಬೇಕು. ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನು, ಹಸಿ ಕರಿಬೇವು, ಹಣ್ಣು ಒಯ್ಯುವಂತಿಲ್ಲ. ಟ್ರೆಕ್ಕಿಂಗ್ ಬೂಟಿನ ಮಣ್ಣನ್ನು ಮನೆಯಲ್ಲೇ ತೊಳೆದುಕೊಂಡು ಹೋಗಬೇಕು. ಮೋಟೆಲ್ ಕೋಣೆಗಳಲ್ಲಿ ಹೆಚ್ಚಾಗಿ ಪುಟ್ಟ ಅಡಿಗೆಮನೆ ಇರುತ್ತದೆ, ಅಕ್ಕಿ-ಬೇಳೆ ಅಲ್ಲಿನ ಸೂಪರ್‌ಮಾರ್ಕೆಟಿನಲ್ಲೇ ಸಿಗುತ್ತದೆ. ಸಸ್ಯಾಹಾರಿ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ.

ದಾರಿಯ ಲೆಕ್ಕ ಹೆಚ್ಚಿನವರಿಗೆ ತಪ್ಪುವುದು ಗಂಟೆಗಳಲ್ಲಿ. ಯಲಹಂಕದಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಒಂದೇ ದಿನದಲ್ಲಿ ಹೈದರಾಬಾದ್ ಮುಟ್ಟಿ ಅಭ್ಯಾಸವಿರುವವರಿಗೆ ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್‌ವರೆಗಿನ ಸುಮಾರು 480 ಕಿ.ಮೀ. ಹಗುರವಾಗಿ ಕಾಣುತ್ತದೆ. ಮ್ಯಾಪ್ ತೋರಿಸುವುದು ಆರು ಗಂಟೆ. ಆದರೆ ಹೆದ್ದಾರಿಯೆಂದರೆ ಅಲ್ಲಿ ಬಹುತೇಕ ಎರಡೇ ಲೇನಿನ ತಿರುವುದಾರಿ. ಜತೆಗೆ ನೋಡಬೇಕಾದದ್ದೇ ದಾರಿ. ಟೆಕಾಪೋ, ಪುಕಾಕಿ ಸರೋವರಗಳೂ 3,724 ಮೀಟರ್ ಎತ್ತರದ ಔರಾಕಿ ಶಿಖರವೂ ಇರುವುದು ಆ ನಡುವಿನಲ್ಲೇ. 2012ರಿಂದ ಅಲ್ಲಿನ ಆಕಾಶ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶ, ಹಾಗಾಗಿ ರಾತ್ರಿಯೂ ಉಳಿಯಬೇಕಾದ ಜಾಗ. ವಾನಾಕಾದಿಂದ ಹಾಸ್ಟ್ ಕಣಿವೆ ದಾಟಿ ಪಶ್ಚಿಮ ಕರಾವಳಿಗೆ ಇಳಿಯುವಾಗ ಬಹುದೂರ ಮೊಬೈಲ್ ಸಿಗ್ನಲ್ ಇಲ್ಲ, ಪೆಟ್ರೋಲ್ ಬಂಕೂ ವಿರಳ. ಟ್ಯಾಂಕ್ ಅರ್ಧವಾದಾಗಲೇ ತುಂಬಿಸಿಕೊಳ್ಳುವುದು ಲೇಸು.

ಹೆಬ್ಬಾಳ ಫ್ಲೈಓವರ್ ಕಲಿಸಿದ ಜಾಣತನ ಅಲ್ಲಿ ಕೆಲಸಕ್ಕೆ ಬಾರದು. ಸರ್ಕಲ್ಲಿನಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು. ಮೂತಿ ತೂರಿಸಿದವರಿಗೆ ದಾರಿ ಎಂಬ ನಮ್ಮೂರಿನ ಅಲಿಖಿತ ಕಾನೂನು ಅಪಘಾತಕ್ಕೆ ನೇರ ದಾರಿ. ಒಂದೇ ಗಾಡಿ ಹಿಡಿಯುವ ಸೇತುವೆಗಳು ಹಳ್ಳಿಗಾಡಿನ ಹೆದ್ದಾರಿಗಳಲ್ಲಿ ಬರುತ್ತಲೇ ಇರುತ್ತವೆ. ಫಲಕದಲ್ಲಿ ನಮ್ಮ ದಿಕ್ಕಿಗೆ ಚಿಕ್ಕ ಕೆಂಪು ಬಾಣವಿದ್ದರೆ ನಿಲ್ಲಬೇಕಾದವರು ನಾವು, ದೊಡ್ಡ ಬಿಳಿ ಬಾಣವಿದ್ದರೆ ಮೊದಲು ಹೋಗುವವರು ನಾವು. ಡಿಪ್ಪರ್ ಹೊಡೆದು ನುಗ್ಗುವ ಪದ್ಧತಿ ಇಲ್ಲ. ಹೊರದಾರಿಯಲ್ಲಿ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 100 ಕಿ.ಮೀ., ಊರೊಳಗೆ 50. ನಿಧಾನ ಹೋಗುವುದು ತಪ್ಪಲ್ಲ. ಹಿಂದೆ ಸಾಲುಗಟ್ಟಿದ ಗಾಡಿಗಳಿಗೆ ಬದಿಗೆ ಸರಿದು ದಾರಿ ಕೊಡದಿರುವುದು ತಪ್ಪು. ಏಳು ವರ್ಷ ತುಂಬದ ಮಗುವಿಗೆ ಮಕ್ಕಳ ಸೀಟು ಕಡ್ಡಾಯ, ಕಾರಿನ ಜತೆಗೇ ಕಾಯ್ದಿರಿಸಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ.

ಇಡೀ ಪ್ರವಾಸದ ಕಷ್ಟದ ದಾರಿ, ಚೆಂದದ ದಾರಿ ಎರಡೂ ಒಂದೇ: ಟೆ ಆನೌನಿಂದ ಮಿಲ್ಫರ್ಡ್ ಸೌಂಡ್‌ಗೆ ಹೋಗುವ ಸುಮಾರು 120 ಕಿ.ಮೀ. ನಡುವೆ 1954ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 1.2 ಕಿ.ಮೀ. ಉದ್ದದ ಹೋಮರ್ ಸುರಂಗವಿದೆ. ಬಂಡೆಯನ್ನು ಕೊರೆದದ್ದು, ಒಳಗೆ ಕಡಿದಾದ ಇಳಿಜಾರು. ಹಿಮಕುಸಿತದ ಭಯವಿರುವುದರಿಂದ ಮೇಯಿಂದ ನವೆಂಬರ್‌ವರೆಗೆ ಚಕ್ರಕ್ಕೆ ಹಾಕುವ ಸರಪಳಿ ಜತೆಗಿರಬೇಕು, ಕೆಲವೊಮ್ಮೆ ರಸ್ತೆಯನ್ನೇ ಮುಚ್ಚುತ್ತಾರೆ. ಸುರಂಗದ ಬಾಯಲ್ಲಿ ಕಾದು ನಿಂತ ಕಾರುಗಳ ರಬ್ಬರ್ ಪಟ್ಟಿಯನ್ನು ಕೀಯಾ ಎಂಬ ಗಿಳಿಗಳು ಕಿತ್ತು ತಿನ್ನುವುದುಂಟು. ಮಿಲ್ಫರ್ಡ್‌ನಲ್ಲಿ ಆಗುಂಬೆಯನ್ನು ನೆನಪಿಸುವಂಥ ಮಳೆ, ವರ್ಷಕ್ಕೆ 6,000 ಮಿ.ಮೀ. ಮೀರಿ. ಮಳೆ ಬಂತೆಂದು ದೋಣಿಯ ಟಿಕೆಟ್ ರದ್ದು ಮಾಡುವವರು ನಷ್ಟ ಮಾಡಿಕೊಳ್ಳುತ್ತಾರೆ. ಬಂಡೆಗಳಿಂದ ಲೆಕ್ಕವಿಲ್ಲದಷ್ಟು ಝರಿಗಳು ಧುಮುಕುವುದು ಆ ದಿನವೇ. ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಬದಲು ಹಿಂದಿನ ರಾತ್ರಿ ಟೆ ಆನೌನಲ್ಲಿ ತಂಗಿದರೆ ಚಾಲಕರಿಗೂ ಬೆಟ್ಟ ನೋಡಲು ಕಣ್ಣು ಉಳಿಯುತ್ತದೆ.

ಕಾರು ಹಿಂತಿರುಗಿಸುವಾಗ ಟ್ಯಾಂಕ್ ತುಂಬಿಸಿ, ನಾಲ್ಕೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ವೇಗದ ಕ್ಯಾಮೆರಾಕ್ಕೆ ಸಿಕ್ಕಿದ್ದರೆ ದಂಡದ ಜತೆ ಬಾಡಿಗೆ ಕಂಪನಿಯ ಸೇವಾಶುಲ್ಕವೂ, ಮನೆಗೆ ಮರಳಿದ ಎಷ್ಟೋ ದಿನಗಳ ಮೇಲೆ, ಅದೇ ಕ್ರೆಡಿಟ್ ಕಾರ್ಡಿನಿಂದ ಕಡಿತವಾಗುತ್ತದೆ.