ಎರಡು ವಾರದ ಸೇವೆಗೆ ಹೊರಡುವ ಮುನ್ನ

ಗೋಕಾಕದ ಸಹೋದರಿಗೆ,

ಚರ್ಚಿನ ವೈದ್ಯಕೀಯ ತಂಡದೊಂದಿಗೆ ನರ್ಸ್ ಆಗಿ ಎರಡು ವಾರ ಉಗಾಂಡಕ್ಕೆ ಹೋಗಲೇ ಎಂದು ಕೇಳಿದ್ದೀರಿ. ಹೋಗಿ, ಆದರೆ ಅಲ್ಲಿನ ಆಸ್ಪತ್ರೆಯೇ ನಿಮ್ಮನ್ನು ಕರೆದಿದ್ದರೆ ಮಾತ್ರ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಹಿರಿಯರು ದೊಡ್ಡ ಕಾಯಿಲೆಗೆ ಮಿರಜಿನ ಮಿಷನ್ ದವಾಖಾನೆಯ ಹಾದಿ ಹಿಡಿಯುತ್ತಿದ್ದುದು ನಿಮಗೂ ಗೊತ್ತು. 1894ರಲ್ಲಿ ಅದನ್ನು ತೆರೆದ ಡಾ. ವಿಲಿಯಂ ವಾನ್ಲೆಸ್ 1928ರವರೆಗೂ ಅಲ್ಲೇ ದುಡಿದರು, ಇಲ್ಲಿನವರಿಗೇ ವೈದ್ಯಕೀಯ ಕಲಿಸಿದರು. ಜನ ನಂಬಿದ್ದು ಹಾಗೆ ನೆಲೆನಿಂತ ದವಾಖಾನೆಯನ್ನು. ಎರಡು ವಾರದಲ್ಲಿ ಅಂಥ ನಂಬಿಕೆ ಹುಟ್ಟದು. ಬಿಪಿ ಮಾತ್ರೆ ಹಂಚಿ ಬಂದರೆ, ಅದು ತೀರಿದ ಮೇಲೆ ರೋಗಿ ಯಾರ ಬಳಿ ಹೋಗಬೇಕು? ಅದಕ್ಕೇ ಅಲ್ಲಿನ ನರ್ಸ್‌ಗಳ ಜೊತೆ ನಿಂತು ಕೆಲಸ ಮಾಡಿ. ನಿಮಗೆ ಚೆನ್ನಾಗಿ ಬರುವ ಬಾಣಂತಿ ಆರೈಕೆಯನ್ನು ಅವರೊಂದಿಗೆ ಹಂಚಿಕೊಳ್ಳಿ. ಇಲ್ಲಿ ಮಾಡಲು ಅನುಮತಿಯಿಲ್ಲದ್ದನ್ನು ಅಲ್ಲೂ ಮಾಡಬೇಡಿ, ತಂಡದ ಹಿರಿಯರು ಒತ್ತಾಯಿಸಿದರೂ. ಕೇಳಿದವರಿಗಾಗಿ ಪ್ರಾರ್ಥಿಸಿ, ಅದು ಔಷಧಿಗೆ ಷರತ್ತಾಗಕೂಡದು.

ಅಲ್ಲಿನ ನರ್ಸಿಂಗ್ ಮಂಡಳಿಯ ತಾತ್ಕಾಲಿಕ ಅನುಮತಿಗೆ ಈಗಲೇ ಅರ್ಜಿ ಹಾಕಿ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಆ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ತಡೆಯುವ ಮಾತ್ರೆಯನ್ನು ಊರಿಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಿ.