ತಮಿಳು ಕಲಿಕಾರ್ಥಿಯ ಪ್ರಶ್ನೆಗಳು ಮತ್ತು ಕನ್ನಡ ವ್ಯಾಕರಣ

ಚೆನ್ನೈ ನಗರಕ್ಕೂ ಕನ್ನಡ ಬೋಧನೆಗೂ ಇರುವ ನಂಟು ಹಳೆಯದು. ಕಂಪನಿ ಸರಕಾರದ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲು 1812ರಲ್ಲಿ ಇಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾಯಿತು. ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲ, ಒಂದೇ ಮೂಲದ ಸೋದರಭಾಷೆಗಳು ಎಂಬ ವಾದವನ್ನು ಎಫ್. ಡಬ್ಲ್ಯೂ. ಎಲ್ಲಿಸ್ 1816ರಲ್ಲಿ ಮಂಡಿಸಿದ್ದು ಇಲ್ಲಿಯೇ. ಜಾನ್ ಮೆಕರೆಲ್ ರಚಿಸಿದ ಕನ್ನಡ ವ್ಯಾಕರಣವು 1820ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಅಂದಿನ ವಿದೇಶೀಯ ಕಲಿಕಾರ್ಥಿಗೆ ಕನ್ನಡ ಪೂರ್ತಿ ಹೊಸದು. ತಮಿಳು ಮಾತೃಭಾಷೆಯ ಕಲಿಕಾರ್ಥಿಯ ತೊಡಕು ಬೇರೆ. ಅದು ಸಾಮೀಪ್ಯದಿಂದ ಹುಟ್ಟುವಂಥದು. ಅವನ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಧ್ವನಿಗೆ ಸಂಬಂಧಿಸಿದ್ದು. ತಮಿಳಿನ ಪಾಲ್, ಪಲ್ ಕನ್ನಡದಲ್ಲಿ ಹಾಲು, ಹಲ್ಲು. ವಾಯ್, ವೇರ್ ಎಂಬವು ಬಾಯಿ, ಬೇರು. ಹಾಗಾದರೆ ‘ಪುಸ್ತಕ’, ‘ಪಾಪ’ಗಳಲ್ಲಿ ಪಕಾರ ಉಳಿದುದೇಕೆ? ಪಕಾರವು ಹಕಾರವಾದದ್ದು ಮುಖ್ಯವಾಗಿ ದೇಶ್ಯ ಶಬ್ದಗಳಲ್ಲಿ. ಇವು ಸಂಸ್ಕೃತದಿಂದ ಬಂದವು. ಹಳಗನ್ನಡದಲ್ಲಿ ‘ಪಾಲ್’ ಎಂಬ ರೂಪವೇ ಇತ್ತೆಂದು ತಿಳಿಸಿದರೆ ಎರಡು ಭಾಷೆಗಳ ನಂಟು ಕಲಿಕಾರ್ಥಿಗೆ ತಾನೇ ತಿಳಿಯುತ್ತದೆ.

ಎರಡನೆಯದು ಚತುರ್ಥೀ ವಿಭಕ್ತಿ. ತಮಿಳಿನಲ್ಲಿ ವೀಟ್ಟುಕ್ಕು, ಮರತ್ತುಕ್ಕು, ಊರುಕ್ಕು ಎಂದು ಎಲ್ಲೆಡೆಯೂ ‘ಕ್ಕು’. ಕನ್ನಡದಲ್ಲಿ ಮನೆಗೆ, ಮರಕ್ಕೆ, ಊರಿಗೆ, ರಾಮನಿಗೆ ಎಂಬ ಭೇದವೇಕೆ? ಪ್ರಕೃತಿಯ ಅಂತ್ಯಸ್ವರ ಮತ್ತು ಲಿಂಗ ಇದಕ್ಕೆ ಕಾರಣ. ಎಕಾರ, ಇಕಾರಗಳ ಮುಂದೆ ‘ಗೆ’. ಉಕಾರಾಂತಗಳಲ್ಲಿ ಸಾಮಾನ್ಯವಾಗಿ ‘ಇಗೆ’. ಅಕಾರಾಂತ ನಪುಂಸಕಗಳಲ್ಲಿ ‘ಕ್ಕೆ’. ಅಕಾರಾಂತ ಪುಲ್ಲಿಂಗಗಳಲ್ಲಿ ನಕಾರ ಸೇರಿ ‘ನಿಗೆ’. ‘ಅದು’ ಎಂಬುದು ‘ಅದಕ್ಕೆ’ ಆಗುವುದನ್ನು ಮಾತ್ರ ಪ್ರತ್ಯೇಕವಾಗಿ ನೆನಪಿಡಬೇಕು.

ಮೂರನೆಯದು ಸರ್ವನಾಮ. ಕೇಳುಗನೂ ಸೇರಿದರೆ ‘ನಾಮ್’, ಸೇರದಿದ್ದರೆ ‘ನಾಂಗಳ್’ ಎಂಬ ವಿವೇಚನೆ ತಮಿಳಿನಲ್ಲಿದೆ. ‘ನಾವು ಹೋಗೋಣ’ ಎಂದಾಗ ಕ್ರಿಯಾಪದವೇ ಕೇಳುಗನನ್ನು ಒಳಗೊಳ್ಳುತ್ತದೆ. ‘ನಾವು ಹೋಗುತ್ತೇವೆ’ ಎಂದಾಗ ಸಂದರ್ಭವೇ ನಿರ್ಣಾಯಕ.

ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯಕರ. ‘ಅವನು ವೈದ್ಯ ಇಲ್ಲ’ ಎಂಬ ಪ್ರಯೋಗ ಆಗಾಗ ಕೇಳಿಬರುತ್ತದೆ. ಆಡುಮಾತಿನ ತಮಿಳಿನಲ್ಲಿ ‘ಇಲ್ಲೈ’ ಎಂಬುದೊಂದೇ ಇರವನ್ನೂ ಗುರುತನ್ನೂ ನಿಷೇಧಿಸುತ್ತದೆ. ಕನ್ನಡದಲ್ಲಿ ‘ಅವನು ಮನೆಯಲ್ಲಿ ಇಲ್ಲ’, ಆದರೆ ‘ಅವನು ವೈದ್ಯ ಅಲ್ಲ’. ಇದನ್ನು ಹೊಸ ನಿಯಮವೆಂದು ಹೇರಬೇಕಾಗಿಲ್ಲ. ಬರವಣಿಗೆಯ ತಮಿಳಿನಲ್ಲಿ ‘ಅಲ್ಲ’ ಇಂದಿಗೂ ಉಂಟು. ಅದನ್ನು ನೆನಪಿಸಿದರೆ ಸಾಕು.

ಈ ತಪ್ಪುಗಳು ಅಜ್ಞಾನದಿಂದ ಹುಟ್ಟಿದವಲ್ಲ. ಇನ್ನೊಂದು ಭಾಷೆಯ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. ತಮಿಳು ಪರಿಸರದಲ್ಲಿ ಬೆಳೆಯುವ ಕನ್ನಡ ಮನೆಗಳ ಮಕ್ಕಳ ಮಾತಿನಲ್ಲಿಯೂ ಇಂಥವು ನುಸುಳಬಹುದು. ಹಿರಿಯರು ನಕ್ಕುಬಿಟ್ಟರೆ ಮಗು ಮುಂದಿನ ಸಲ ತಮಿಳಿನಲ್ಲಿಯೇ ಉತ್ತರಿಸುತ್ತದೆ. ಮನೆಮಾತು ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಕಾರಣವನ್ನು ವಿವರಿಸಿದರೆ ಎರಡು ಭಾಷೆಗಳೂ ಉಳಿಯುತ್ತವೆ. ಆದುದರಿಂದ ಇಲ್ಲಿ ಕನ್ನಡ ಕಲಿಸುವವನಿಗೆ ತಮಿಳಿನ ತಿಳಿವಳಿಕೆ ಭೂಷಣವಲ್ಲ, ಅವಶ್ಯಕತೆ.