ಪುರವರ್ಣನೆಯಿಂದ ಪುರದರ್ಶನಕ್ಕೆ

ಮಹಾಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳು ಇರಬೇಕೆಂಬುದು ಲಾಕ್ಷಣಿಕರ ಮತ. ಅವುಗಳಲ್ಲಿ ಪುರವರ್ಣನೆಯೂ ಒಂದು. ಸುಮಾರು ಮೂವತ್ತು ವರ್ಷಗಳಿಂದ ಈ ಭಾಗವನ್ನು ಪಾಠ ಹೇಳುತ್ತ ಬಂದಿರುವ ನಾನು ಕೋಟೆ, ಅಗಳು, ಹೆಬ್ಬಾಗಿಲು, ಅಂಗಡಿಬೀದಿ ಎಂಬ ಶಬ್ದಗಳಿಗೆ ಅರ್ಥವನ್ನು ಬರೆಯಿಸಿದ್ದೇನೆಯೇ ಹೊರತು, ಅವುಗಳನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬೇಕೆಂಬ ವಿಚಾರ ಬಹುಕಾಲ ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ಮೊದಲ ಪ್ರಯತ್ನದಲ್ಲಿ ಎಡವಿದೆ. ಆ ಎಡವಿದ ಕಥೆಯಿಂದಲೇ ಈ ಲೇಖನವನ್ನು ಆರಂಭಿಸುವುದು ಉಚಿತ.

ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆಂದು ಬೆಂಗಳೂರಿಗೆ ಕರೆದೊಯ್ದೆವು. ಒಂದೇ ದಿನದಲ್ಲಿ ಒಂಬತ್ತು ಸ್ಥಳಗಳನ್ನು ತೋರಿಸುವ ಯೋಜನೆ ನನ್ನದು. ಬಸ್ಸು ನಿಲ್ಲುವುದು, ಎಣಿಕೆ ಮಾಡುವುದು, ಇಳಿಯುವುದು, ಮತ್ತೆ ಎಣಿಕೆ ಮಾಡುವುದು, ಹತ್ತುವುದು, ಇದರಲ್ಲಿಯೇ ದಿನ ಮುಗಿಯಿತು. ಊರಿಗೆ ಮರಳಿದ ಬಳಿಕ ಪ್ರಬಂಧ ಬರೆಯಿಸಿದೆ. ಬೆಂಗಳೂರಿನಲ್ಲಿ ಬಸ್ಸಿನ ಕಿಟಕಿ ಬಹಳ ಚೆನ್ನಾಗಿತ್ತೆಂದು ಒಬ್ಬ ಹುಡುಗ ಬರೆದಿದ್ದ. ಮೊದಲು ನಗೆ ಬಂದಿತು, ಅನಂತರ ನಾಚಿಕೆಯಾಯಿತು. ಆ ಹುಡುಗನು ತಾನು ಕಂಡುದನ್ನೇ ಬರೆದಿದ್ದನು. ತಪ್ಪು ಯೋಜಿಸಿದವನದು.

ಅದೇ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಜಾತ್ರೆಗೆ ಬಂದಿದ್ದರು. ಬೆಂಗಳೂರು ಹೇಗಿದೆಯೆಂದು ಕೇಳಿದೆ. “ಹನ್ನೆರಡು ವರ್ಷ ಆಯ್ತು ಮೇಷ್ಟ್ರೆ. ನನ್ನ ರೂಮು ಗೊತ್ತು, ಕೆಲಸದ ಜಾಗ ಗೊತ್ತು. ಊರು ಗೊತ್ತಿಲ್ಲ” ಎಂದರು. ಈ ಮಾತು ನನ್ನ ಮನಸ್ಸನ್ನು ಬಹಳ ದಿನ ಕೊರೆಯಿತು. ನಮ್ಮ ಮಕ್ಕಳಲ್ಲಿ ಅನೇಕರು ಹೊಟ್ಟೆಪಾಡಿಗಾಗಿ 200 ಕಿಲೋಮೀಟರ್ ದೂರದ ಆ ನಗರಕ್ಕೆ ಹೋಗುವವರೇ. ಹೋದವರು ಅಲ್ಲಿ ಆಯುಷ್ಯವೆಲ್ಲ ಪರಸ್ಥಳದವರಾಗಿಯೇ ಉಳಿಯಬೇಕೆ? ನಗರವನ್ನು ಓದುವ ಬಗೆಯನ್ನು ಶಾಲೆಯೇ ಕಲಿಸಿಕೊಡಲಾಗದೆ?

ಬಲ್ಲವರೊಬ್ಬರ ಹಿಂದೆ ನಡೆದು ಒಂದೊಂದೇ ಬಡಾವಣೆಯನ್ನು ಅರಿಯುವ ಪದ್ಧತಿ ಈಗ ಅನೇಕ ನಗರಗಳಲ್ಲಿ ಬಳಕೆಯಲ್ಲಿದೆ. ಕೆನಡಾದ ಟೊರಾಂಟೊದಲ್ಲಿ 2007ರಲ್ಲಿ ನಗರಚಿಂತಕಿ ಜೇನ್ ಜೇಕಬ್ಸ್ ಅವರ ಸ್ಮರಣಾರ್ಥ ಇಂತಹ ನಡಿಗೆಗಳು ಆರಂಭವಾದವು. ಅವುಗಳಲ್ಲಿ ಆಯಾ ಬೀದಿಯ ನಿವಾಸಿಗಳೇ ಶುಲ್ಕವಿಲ್ಲದೆ ಮಾರ್ಗದರ್ಶಕರಾಗುತ್ತಾರೆ. ನಮ್ಮ ದೇಶದಲ್ಲಿ 1984ರಲ್ಲಿ ಸ್ಥಾಪಿತವಾದ, ಇಂಟ್ಯಾಕ್ ಎಂದು ಪ್ರಸಿದ್ಧವಾದ ಪರಂಪರೆ ಸಂರಕ್ಷಣಾ ಸಂಸ್ಥೆಯ ಬೆಂಗಳೂರು ಶಾಖೆಯೂ ಇಂತಹ ನಡಿಗೆಗಳನ್ನು ನಡೆಸಿಕೊಂಡು ಬಂದಿದೆ. ಇದನ್ನು ಕೇಳಿ ತಿಳಿದು, ಎರಡನೆಯ ಸಲ ಇಪ್ಪತ್ತು ಮಂದಿ ವಿದ್ಯಾರ್ಥಿಗಳೊಡನೆ ಬೆಂಗಳೂರಿನ ಹಳೆಯ ಪೇಟೆಯನ್ನಷ್ಟೇ ಕಾಲ್ನಡಿಗೆಯಿಂದ ನೋಡಿ ಬಂದೆವು. ಗ್ರಂಥವ್ಯಾಖ್ಯಾನಕ್ಕೆ ಹಿರಿಯರು ಹೇಳಿದ ಐದು ಲಕ್ಷಣಗಳೇ ನಗರವ್ಯಾಖ್ಯಾನಕ್ಕೂ ಸಲ್ಲುತ್ತವೆಂಬುದು ಅಲ್ಲಿ ನನಗೆ ಮನದಟ್ಟಾಯಿತು. ಅಧ್ಯಾಪಕಮಿತ್ರರ ಉಪಯೋಗಕ್ಕಾಗಿ ಅವನ್ನು ಕ್ರಮವಾಗಿ ವಿವರಿಸುತ್ತೇನೆ.

ಒಂದು: ಪದಚ್ಛೇದ

ಪದವೆಂದರೆ ಶಬ್ದವೂ ಹೌದು, ಹೆಜ್ಜೆಯೂ ಹೌದು. ಇಡೀ ಗ್ರಂಥವನ್ನು ಒಂದೇ ದಿನ ವ್ಯಾಖ್ಯಾನಿಸಲಾಗದು. ಒಂದು ಬೆಳಗಿನಲ್ಲಿ ನಡೆಯಬಹುದಾದ ಎರಡು ಮೂರು ಕಿಲೋಮೀಟರಿನಷ್ಟು ಭಾಗವನ್ನು ಮಾತ್ರ ಆರಿಸಿಕೊಳ್ಳಬೇಕು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆಯೊಳಗೆ ಕಟ್ಟಿಸಿದ ಪೇಟೆಯು ಇದಕ್ಕೆ ಹೇಳಿ ಮಾಡಿಸಿದಂತಿದೆ. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ, ಇವೆರಡು ಅದರ ಮುಖ್ಯಬೀದಿಗಳು. ದೊಡ್ಡಪೇಟೆಯನ್ನೇ ಇಂದು ಅವೆನ್ಯೂ ರಸ್ತೆಯೆನ್ನುತ್ತಾರೆ. ಮಣ್ಣಿನ ಕೋಟೆ ಅಳಿದಿದೆ. ಆದರೆ ಅದರ ಬಾಗಿಲೊಂದರ ಹೆಸರು ಹಲಸೂರುಗೇಟ್ ಎಂದು ಇನ್ನೂ ಉಳಿದಿದೆ. 2017ರಿಂದ ಈ ಪೇಟೆಯ ಅಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆ. ಪ್ರಯಾಣಿಕರಿಗೆ ಅದರಿಂದ ಮಹದುಪಕಾರವಾಗಿದೆಯೆಂಬುದು ನಿಜ; ಆದರೆ ಅದರಲ್ಲಿ ಕುಳಿತವನು ಪೇಟೆಯನ್ನು ಕಾಣದೆಯೇ ದಾಟಿಬಿಡುತ್ತಾನೆ.

ಎರಡು: ಪದಾರ್ಥ

ಬೀದಿಯ ಹೆಸರೇ ಅದರ ಮೊದಲ ಪಾಠ. ರೋಮನ್ ಲಿಪಿಯ ಫಲಕವನ್ನು ನೋಡಿ ನಮ್ಮ ಹುಡುಗರು “ಬಾಳೆಪೇಟೆ” ಎಂದು ಓದಿದರು. ಅದು ಬಳೇಪೇಟೆ. ಆ ಲಿಪಿಯಲ್ಲಿ ಹ್ರಸ್ವದೀರ್ಘಗಳ ಭೇದವಾಗಲಿ ಲಕಾರ ಳಕಾರಗಳ ಭೇದವಾಗಲಿ ಇಲ್ಲದ್ದರಿಂದ ಬಳೆಯು ಬಾಳೆಯಾಯಿತು. ತರಗುಪೇಟೆಯೆಂದರೆ ತರಗೆಲೆಯ ಪೇಟೆಯೆಂದು ಒಬ್ಬನು ಅರ್ಥ ಹೇಳಿದನು. ತರಗು ಎಂದರೆ ದಲ್ಲಾಳಿ ವ್ಯಾಪಾರ. ಅದು ಧಾನ್ಯದ ವರ್ತಕರ ಬೀದಿ. ಅರಳೇಪೇಟೆಗೆ ಕಾಟನ್‌ಪೇಟೆಯೆಂದೂ ಹೆಸರಿದೆ; ಎರಡಕ್ಕೂ ಅರ್ಥ ಒಂದೇ. ನಿಘಂಟಿನಲ್ಲಿ ಒಂದು ವಾರ ಹಿಡಿಯುವ ಪಾಠವು ಅಲ್ಲಿ ಒಂದು ಗಂಟೆಯಲ್ಲಿ ಮುಗಿಯಿತು. ಅದನ್ನು ಯಾರೂ ಮರೆತಿಲ್ಲ.

ಮೂರು: ವಿಗ್ರಹ

ಸಮಾಸವನ್ನು ಬಿಡಿಸಿದಾಗ ಅದರೊಳಗಿನ ಸಂಬಂಧ ತೋರುತ್ತದೆ. ಗಾಣಿಗರ ಪೇಟೆ, ಕುರುಬರ ಪೇಟೆ, ಕುಂಬಾರರ ಪೇಟೆ, ಉಪ್ಪಾರರ ಪೇಟೆ ಇವೆಲ್ಲ ಷಷ್ಠೀತತ್ಪುರುಷಗಳು. ಕಸುಬಿನವರ ಕೈಯಿಂದ ಕಟ್ಟಿದ ನಗರವಿದೆಂದು ವ್ಯಾಕರಣವೇ ಸಾಕ್ಷಿ ನುಡಿಯುತ್ತದೆ. ದೊಡ್ಡಪೇಟೆಯು ಕರ್ಮಧಾರಯ. ಆಡುವಾಗ ಲೋಪಸಂಧಿಯಿಂದ ದೊಡ್ಡುಳ್ಳಾರ್ತಿಯಾಗುವ ನಮ್ಮ ಊರಿನ ಹೆಸರೂ ಅದೇ ಜಾತಿಯದೆಂದು ತಿಳಿಸಿದಾಗ ಮಕ್ಕಳ ಮುಖ ಅರಳಿತು. ಎಣ್ಣೆಗೆ ಹೆಸರಾದ ಚಳ್ಳಕೆರೆಯ ಮಗುವಿಗೆ ಗಾಣಿಗರ ಪೇಟೆ ಪರಕೀಯವಲ್ಲ; ಕಂಬಳಿ ನೇಯುವ ಮನೆಯ ಮಗುವಿಗೆ ಕುರುಬರ ಪೇಟೆಯೂ ಪರಕೀಯವಲ್ಲ.

ಚಿಕ್ಕಪೇಟೆಯ ರೇಷ್ಮೆ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಮಕ್ಕಳನ್ನು ಒಳಗೆ ಕರೆದು ಸೀರೆಗಳನ್ನು ಬಿಡಿಸಿ ತೋರಿಸಿದರು. ಮೊಳಕಾಲ್ಮೂರು ಕಡೆಯ ನೇಕಾರರ ಮಗಳೊಬ್ಬಳು ನಮ್ಮೊಡನೆ ಇದ್ದಳು. ಅದುವರೆಗೆ ಗುಂಪಿನ ಹಿಂದೆಯೇ ನಡೆಯುತ್ತಿದ್ದವಳು ಮುಂದೆ ಬಂದು ಒಂದು ಸೀರೆಯ ಅಂಚನ್ನು ಬೆರಳಿನಿಂದ ಮುಟ್ಟಿ, “ಇದು ನಮ್ಮ ಕಡೇದು” ಎಂದಳು. “ಹೌದು ತಾಯಿ, ಮೊಳಕಾಲ್ಮೂರಿನದೇ. ಹೇಗೆ ಗೊತ್ತಾಯ್ತು?” ಎಂದು ಅವರು ಕೇಳಿದರು. ಅವಳು ಹೇಳತೊಡಗಿದಳು; ಆ ಹಿರಿಯರು ನಿಂತು ಕೇಳಿದರು. ಆ ಹೊತ್ತು ಮಾರ್ಗದರ್ಶಕನು ನಾನಲ್ಲ, ಅವಳು.

ನಾಲ್ಕು: ವಾಕ್ಯಯೋಜನೆ

ಬಿಡಿ ಸ್ಥಳಗಳನ್ನು ಅನ್ವಯಿಸುವ ಕ್ರಮವಿದು. ಬೆಳಗ್ಗೆ ಆರೂವರೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಂತೆಯಿಂದ ಹೊರಟೆವು. ಸಮೀಪದಲ್ಲಿಯೇ 1761ರಲ್ಲಿ ಹೈದರ್ ಅಲಿಯು ಕಲ್ಲಿನಿಂದ ಕಟ್ಟಿಸಿದ ಕೋಟೆಯ ಉಳಿದ ಭಾಗವಿದೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲೀಸನ ಸೈನ್ಯವು ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಕೋಟೆಗೂ ಪೇಟೆಗೂ ಭೇದವೇನೆಂಬುದನ್ನು ಈ ಎರಡು ದಿನಾಂಕಗಳೇ ಹೇಳುತ್ತವೆ. ಅಲ್ಲಿಂದ ಟಿಪ್ಪುವಿನ ಮರದ ಅರಮನೆ, ಕೋಟೆ ವೆಂಕಟರಮಣಸ್ವಾಮಿ ದೇವಾಲಯಗಳನ್ನು ನೋಡಿ, ಅಂಗಡಿಗಳು ಬಾಗಿಲು ತೆರೆಯುವ ವೇಳೆಗೆ ಪೇಟೆಯ ಓಣಿಗಳನ್ನು ಹೊಕ್ಕೆವು. ಆ ಓಣಿಗಳ ಇಕ್ಕಟ್ಟನ್ನು ಮೈಯಿಂದಲೇ ಅನುಭವಿಸಿದ ವಿದ್ಯಾರ್ಥಿಗೆ 1898ರ ಪ್ಲೇಗು ಮಾರಿಯ ಹಾವಳಿಯೂ, ಅದರ ಬೆನ್ನಿಗೇ ಅಗಲವಾದ ಬೀದಿಗಳ ಬಸವನಗುಡಿ ಮಲ್ಲೇಶ್ವರಗಳು ಹುಟ್ಟಿದ ಕಾರಣವೂ ವಿವರಿಸದೆಯೇ ತಿಳಿಯುತ್ತವೆ.

ಐದು: ಆಕ್ಷೇಪ ಸಮಾಧಾನ

ಪ್ರಶ್ನೆಯಿಲ್ಲದ ನಡಿಗೆ ಬರಿಯ ವ್ಯಾಯಾಮ. ಗಾಣಿಗರ ಪೇಟೆಯಲ್ಲಿ ಹುಡುಗನೊಬ್ಬನು, “ಗಾಣ ಎಲ್ಲಿ ಮೇಷ್ಟ್ರೆ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿಯ ಮುದುಕರೊಬ್ಬರನ್ನು ಕೇಳಿದೆವು. “ಕಸುಬು ಹೋಯ್ತಪ್ಪ, ಹೆಸರು ನಿಂತಿದೆ” ಎಂದು ಅವರು ನಕ್ಕರು. ಗಾಣ ಹೋಗಿ ಗಿರಣಿ ಬಂದ ಕಥೆ ನಮ್ಮ ಸೀಮೆಯದೂ ಹೌದಲ್ಲವೆ?

ದೊಡ್ಡಪೇಟೆಯ ರೈಸ್ ಸ್ಮಾರಕ ಚರ್ಚಿನ ಮುಂದೆ ಇನ್ನೊಂದು ಆಕ್ಷೇಪ ಬಂದಿತು: “ಇದನ್ನು ನಾವು ಯಾಕೆ ನೋಡಬೇಕು?” ಸಮಾಧಾನ ಹೀಗೆ: ಅದು ಬೆಂಜಮಿನ್ ರೈಸ್ ಎಂಬ ಪಾದ್ರಿಯ ಹೆಸರಿನದು. ಅವರ ಮಗ ಬಿ. ಎಲ್. ರೈಸ್ ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದವರು. ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳ ಮೂಲಕ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದವರು. ನಮ್ಮ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಕಂಡುಹಿಡಿದವರೂ ಅವರೇ. ಬೆಂಗಳೂರಿನ ಬೀದಿಯಲ್ಲಿ ನಿಂತು ನಮ್ಮ ಮಕ್ಕಳು ತಮ್ಮ ಸೀಮೆಯ ಬಂಡೆಯ ಬೆಲೆಯನ್ನು ಅರಿತರು. ಊರಿಗೆ ಮರಳಿದ ಮೇಲೆ ಬ್ರಹ್ಮಗಿರಿಗೆ ಕರೆದೊಯ್ಯಬೇಕೆಂದು ಅವರೇ ಹಟ ಹಿಡಿದರು, ಹೋಗಿಬಂದೆವು.

ಆಚರಣೆಗೆ ಕೆಲವು ಸೂಚನೆಗಳು. ಒಬ್ಬ ಮಾರ್ಗದರ್ಶಕನಿಗೆ ಇಪ್ಪತ್ತು ಮಂದಿಗಿಂತ ಹೆಚ್ಚು ಬೇಡ. ಅಧ್ಯಾಪಕನು ಮುಂಚಿತವಾಗಿ ಒಮ್ಮೆ ಆ ದಾರಿಯನ್ನು ತಾನೇ ನಡೆದಿರಬೇಕು. ಸಾಲಿನ ಮುಂದೊಬ್ಬ ಅಧ್ಯಾಪಕ, ಕೊನೆಗೊಬ್ಬ ಅಧ್ಯಾಪಕ ಇರಲೇಬೇಕು. ಮಾತನಾಡಲು ನಿಲ್ಲುವಾಗ ಅಂಗಡಿಯ ಬಾಗಿಲಿಗೆ ಅಡ್ಡಬರಬಾರದು. ಮನೆಗಳನ್ನಾಗಲಿ ಪೂಜಾಸ್ಥಳಗಳನ್ನಾಗಲಿ ಅಪ್ಪಣೆಯಿಲ್ಲದೆ ಪ್ರವೇಶಿಸಬಾರದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಹೆಸರು, ಒಂದು ಪ್ರಶ್ನೆ, ಹಿರಿಯರೊಬ್ಬರಿಂದ ಕೇಳಿದ ಒಂದು ಮಾತು, ಇಷ್ಟನ್ನು ಬರೆದುಕೊಂಡು ಬಂದರೆ ಸಾಕು. ಎಲ್ಲಕ್ಕಿಂತ ಮೊದಲು ಸ್ವಂತ ಊರಿನ ಬೀದಿಗಳಲ್ಲಿ ಇದರ ಅಭ್ಯಾಸವಾಗಬೇಕು. ದೊಡ್ಡಉಳ್ಳಾರ್ತಿಯ ಕೇರಿಗಳನ್ನು ಪರಸ್ಥಳದ ಅತಿಥಿಗೆ ತೋರಿಸಬಲ್ಲ ಹುಡುಗನು ಯಾವ ನಗರದಲ್ಲಿಯೂ ದಿಕ್ಕುಗೆಡುವುದಿಲ್ಲ.

ಕೊನೆಯದಾಗಿ ಎರಡು ವಿನಂತಿಗಳು. ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಾವಿರುವ ಬಡಾವಣೆಯ ಒಂದೇ ಒಂದು ಬೀದಿಯನ್ನು ಚೆನ್ನಾಗಿ ಅರಿತು, ವರ್ಷಕ್ಕೊಂದು ಬೆಳಗ್ಗೆ ನಮ್ಮ ಮಕ್ಕಳಿಗೆ ಮಾರ್ಗದರ್ಶಕರಾಗಲಿ. ಈ ಕಾರ್ಯಕ್ಕೆ ಕಟ್ಟಡ ಬೇಡ, ಉಪಕರಣ ಬೇಡ. ಹೋಗಿಬರುವ ಬಸ್ಸಿನ ಖರ್ಚು, ಒಂದು ಹೊತ್ತಿನ ಊಟ ಇಷ್ಟನ್ನು ದಾನಿಗಳು ವಹಿಸಿಕೊಂಡರೆ ಸಾಕು.

ಹನ್ನೆರಡು ವರ್ಷ ಊರು ಗೊತ್ತಿಲ್ಲವೆಂದಿದ್ದ ಆ ಹಳೆಯ ವಿದ್ಯಾರ್ಥಿಯೂ ಆ ದಿನ ರಜೆ ಹಾಕಿ ನಮ್ಮೊಡನೆ ನಡೆದರು. ಸಾಲಿನ ಕೊನೆಯಲ್ಲಿ ನಿಂತು ಮಕ್ಕಳನ್ನು ಎಣಿಸಿಕೊಂಡು ಬಂದವರು ಅವರೇ. ಮುಂದಿನ ಸಲ ತಾವಿರುವ ಬೀದಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದಾರೆ. ಅದಕ್ಕಾಗಿ ಈಗ ತಮ್ಮ ನೆರೆಹೊರೆಯ ಹಿರಿಯರನ್ನು ವಿಚಾರಿಸುತ್ತಿರುವರೆಂದು ಮೊನ್ನೆ ಕಾಗದ ಬರೆದಿದ್ದಾರೆ.